ಥೆರಪಿ ನಾಯಿ, ಸರ್ವಿಸ್ ನಾಯಿ: ದಾವಣಗೆರೆಯಲ್ಲಿ ನಮ್ಮನ್ನು ಜನ ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯಲ್ಲಿ ನಾವೊಂದಿಷ್ಟು ಜನ ಒಂದು ಸೇವಾ ಟ್ರಸ್ಟ್ ಪರವಾಗಿ ನಾಯಿಗಳಿಗೆ ತರಬೇತಿ ಕೊಡುತ್ತೇವೆ. ವೃದ್ಧಾಶ್ರಮ, ವಿಶೇಷ ಮಕ್ಕಳ ಶಾಲೆ, ಒಪ್ಪಿಕೊಂಡ ಆಸ್ಪತ್ರೆ, ಅಂಗವಿಕಲರ ಮನೆ ಇವೇ ನಮ್ಮ ಜಾಗಗಳು. ಕುಂದುವಾಡ ಕೆರೆ ಹತ್ತಿರ ಬೆಳಿಗ್ಗೆ ನಾಯಿ ಹಿಡಿದು ನಿಂತರೆ ಸಾಕು, ವಾಕಿಂಗ್ ಬಂದವರು ನಿಂತು ಕೇಳುತ್ತಾರೆ. ಚಿತ್ರದುರ್ಗದಿಂದ, ಹರಿಹರದಿಂದ ಫೋನ್ ಮಾಡಿಯೂ ಕೇಳುತ್ತಾರೆ. ಹಾಗೆ ಬಂದ ಪ್ರಶ್ನೆಗಳಿಗೆಲ್ಲ ಇಲ್ಲಿ ಉತ್ತರ ಬರೆದಿದ್ದೇವೆ.

ಥೆರಪಿ ನಾಯಿ, ಸರ್ವಿಸ್ ನಾಯಿ ಎರಡೂ ಒಂದೇ ಅಲ್ವಾ?

ಅಲ್ಲ. ಸರ್ವಿಸ್ ನಾಯಿ ಒಬ್ಬರಿಗೆ ಮಾತ್ರ ಸೇರಿದ್ದು. ಅವರ ಅಂಗವಿಕಲತೆಗೆ ಬೇಕಾದ ಒಂದಷ್ಟು ಕೆಲಸವನ್ನು ಕಲಿತು, ದಿನವಿಡೀ ಅವರ ಜೊತೆಗೇ ಇರುತ್ತದೆ. ಕಣ್ಣು ಕಾಣದವರಿಗೆ ದಾರಿ ತೋರಿಸುವುದು, ಕಿವಿ ಕೇಳದವರಿಗೆ ಬಾಗಿಲು ಬಡಿದದ್ದನ್ನು ತಿಳಿಸುವುದು, ಗಾಲಿಕುರ್ಚಿಯಲ್ಲಿರುವವರಿಗೆ ಬಿದ್ದ ಮೊಬೈಲ್ ಎತ್ತಿಕೊಡುವುದು, ಇಂಥವು.

ಥೆರಪಿ ನಾಯಿ ಹಾಗಲ್ಲ. ಅದು ಯಾರದೋ ಮನೆಯ ಸಾಕು ನಾಯಿ. ತನ್ನ ಮನೆಯವರ ಜೊತೆ ಬೇರೆಯವರನ್ನು ನೋಡಲು ಹೋಗುತ್ತದೆ. ಪಕ್ಕದಲ್ಲಿ ಕೂರುತ್ತದೆ, ಮೈ ಸವರಿಸಿಕೊಳ್ಳುತ್ತದೆ, ಮಕ್ಕಳ ಜೊತೆ ನಿಧಾನವಾಗಿ ನಡೆಯುತ್ತದೆ. ಕೆಲಸ ಮುಗಿದ ಮೇಲೆ ಮನೆಗೆ ಹೋಗಿ ಮಲಗುತ್ತದೆ. ಅಲ್ಲಿ ಕೆಲಸ ಮಾಡುವುದು ನಾಯಿಯೊಂದೇ ಅಲ್ಲ, ನಾಯಿ ಮತ್ತು ಅದನ್ನು ಹಿಡಿದವರ ಜೋಡಿ. ಹಿಡಿದವರನ್ನು ನಾವು ಹ್ಯಾಂಡ್ಲರ್ ಅನ್ನುತ್ತೇವೆ.

ನಮ್ಮ ಕೆಲಸದಲ್ಲಿ ಹೆಚ್ಚಿನ ಪಾಲು ಥೆರಪಿ ಜೋಡಿಗಳನ್ನು ತಯಾರು ಮಾಡುವುದು. ಸರ್ವಿಸ್ ಕೆಲಸ ಸ್ವಲ್ಪವೇ. ಅಂಗವಿಕಲರ ಮನೆಯಲ್ಲಿ ಆಗಲೇ ತಕ್ಕ ನಾಯಿ ಇದ್ದರೆ, ಮನೆಯೊಳಗಿನ ಒಂದೆರಡು ಕೆಲಸಗಳನ್ನು ಅದಕ್ಕೆ ಕಲಿಸಿಕೊಡುತ್ತೇವೆ.

ಕಣ್ಣು ಕಾಣದವರಿಗೆ ದಾರಿ ತೋರಿಸುವ ನಾಯಿ ಕೊಡುತ್ತೀರಾ?

ಕೊಡುವುದಿಲ್ಲ. ಈ ಪ್ರಶ್ನೆ ಕೇಳುವವರು ತುಂಬಾ ಆಸೆಯಿಂದ ಕೇಳುತ್ತಾರೆ. ಹಾಗಾಗಿ ಕಾರಣವನ್ನೂ ಪೂರ್ತಿ ಹೇಳಬೇಕು.

ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1916ರಲ್ಲಿ ಜರ್ಮನಿಯ ಓಲ್ಡೆನ್‌ಬರ್ಗ್‌ನಲ್ಲಿ ಇಂಥ ನಾಯಿಗಳ ಶಾಲೆ ಶುರುವಾಯಿತು. ಅಮೆರಿಕದಲ್ಲಿ 'ದಿ ಸೀಯಿಂಗ್ ಐ' ಶಾಲೆ 1929ರಲ್ಲಿ ಬಂತು. ಅವತ್ತಿನಿಂದ ಇವತ್ತಿನವರೆಗೂ ಈ ಕೆಲಸ ದೊಡ್ಡ ಶಾಲೆಗಳ ಕೆಲಸವೇ. ತಾಯಿ ತಂದೆಯ ಆರೋಗ್ಯ, ಸ್ವಭಾವ ನೋಡಿ ಮರಿ ಹುಟ್ಟಿಸಬೇಕು. ಸುಮಾರು ಎಂಟು ವಾರದ ಮರಿಯನ್ನು ಒಂದು ಮನೆಯವರು ಒಂದು ವರ್ಷಕ್ಕೂ ಮೇಲೆ ಬೆಳೆಸಿಕೊಡಬೇಕು. ಆಮೇಲೆ ತಿಂಗಳುಗಟ್ಟಲೆ ತರಬೇತಿ. ಕೊನೆಗೆ, ಬಳಸುವವರ ಜೊತೆ ಮತ್ತೆ ಕೆಲವು ವಾರ. ಅಷ್ಟೆಲ್ಲ ಆದ ಮೇಲೂ ಎಷ್ಟೋ ನಾಯಿಗಳು ಆ ಕೆಲಸಕ್ಕೆ ಒಗ್ಗುವುದಿಲ್ಲ.

ಅದರಲ್ಲಿ ಅತಿ ಕಷ್ಟದ ಪಾಠ ಯಾವುದು ಗೊತ್ತಾ? ಮಾತು ಕೇಳದಿರುವುದು. 'ಮುಂದೆ ನಡಿ' ಎಂದು ಮಾಲೀಕರು ಹೇಳಿದಾಗ ಎದುರಿಗೆ ಗಾಡಿ ಬರುತ್ತಿದ್ದರೆ, ನಾಯಿ ಹೆಜ್ಜೆ ಇಡಬಾರದು. ಅಪ್ಪಣೆಯನ್ನು ಮೀರಬೇಕಾದ ಹೊತ್ತು ಯಾವುದು ಅಂತ ತಾನೇ ತೀರ್ಮಾನಿಸಬೇಕು. ಒಬ್ಬ ಮನುಷ್ಯನ ಜೀವ ಆ ತೀರ್ಮಾನದ ಮೇಲಿರುತ್ತದೆ. ವಾರಕ್ಕೆ ಎರಡು ದಿನ ಸೇರುವ ನಮ್ಮಂಥ ತಂಡ ಅದಕ್ಕೆ ಕೈ ಹಾಕಬಾರದು.

ನಮ್ಮ ಬೀದಿಗಳ ವಿಷಯವೂ ಇದೆ. ಮಂಡಿಪೇಟೆಯ ಫುಟ್‌ಪಾತ್ ಮೇಲೆ ಒಂದು ಸಲ ನಡೆದು ನೋಡಿ. ಅಂಗಡಿ ಸಾಮಾನು, ನಿಲ್ಲಿಸಿದ ಬೈಕು, ತೆರೆದ ಚರಂಡಿ, ಪ್ರತಿ ತಿರುವಿಗೂ ತಮ್ಮ ಜಾಗ ಕಾಯುವ ಬೀದಿನಾಯಿಗಳು. ಇವತ್ತಿನ ಮಟ್ಟಿಗೆ ಬಿಳಿ ಕೋಲು ಮತ್ತು ಅದನ್ನು ಬಳಸುವ ಒಳ್ಳೆಯ ತರಬೇತಿಯೇ ಹೆಚ್ಚು ಉಪಯೋಗದ್ದು. ಕೇಳಿ ಬಂದವರಿಗೆ ನಾವು ಇದನ್ನೇ ಹೇಳುತ್ತೇವೆ.

ತರಬೇತಿ ಕೊಡುವವರು ಯಾರು? ಅದೇ ಅವರ ಉದ್ಯೋಗವಾ?

ಇಲ್ಲ. ಶಾಲಾ ಟೀಚರ್, ನರ್ಸ್, ನಿವೃತ್ತ ಬ್ಯಾಂಕ್ ನೌಕರರು, ಕಾಲೇಜು ಹುಡುಗರು, ಒಬ್ಬರು ಹಾರ್ಡ್‌ವೇರ್ ಅಂಗಡಿಯವರು. ಎಲ್ಲರೂ ಬಿಡುವಿನಲ್ಲಿ ಬರುವವರು. ಯಾರಿಗೂ ಸಂಬಳ ಇಲ್ಲ. ನಾಯಿಗಳ ಆರೋಗ್ಯವನ್ನು ಪಶುವೈದ್ಯರು ನೋಡಿಕೊಳ್ಳುತ್ತಾರೆ.

ಒಳ್ಳೆಯ ತರಬೇತುದಾರರಿಗೆ ಗಟ್ಟಿ ದನಿ ಬೇಕು, ನಾಯಿ ಹೆದರಬೇಕು ಅಂತ ಜನ ತಿಳಿದಿದ್ದಾರೆ. ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಕಲಿಸುವವರು ಒಬ್ಬ ಅಂಗನವಾಡಿ ಅಕ್ಕ. ಅವರ ದನಿ ಪಕ್ಕದವರಿಗೂ ಸರಿಯಾಗಿ ಕೇಳುವುದಿಲ್ಲ. ಆದರೆ ನಾಯಿಯ ಕಿವಿ ಒಂದಿಷ್ಟು ಹಿಂದಕ್ಕೆ ಹೋದರೂ ಅವರಿಗೆ ಕಾಣುತ್ತದೆ. ಈ ಕೆಲಸಕ್ಕೆ ಬೇಕಾದ ಗುಣ ಅದು.

ಯಾವ ಜಾತಿ ನಾಯಿ ಆಗುತ್ತದೆ? ಬೀದಿನಾಯಿ ಆಗುತ್ತಾ?

ಜಾತಿಗಿಂತ ಆ ಒಂದು ನಾಯಿಯ ಸ್ವಭಾವ ಮುಖ್ಯ. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್ ಈ ಕೆಲಸದಲ್ಲಿ ಹೆಚ್ಚು ಕಾಣುತ್ತವೆ. ಅವುಗಳಿಗೆ ಹೊಸಬರ ಸಹವಾಸ ಇಷ್ಟ, ತಿಂಡಿ ಆಸೆಯೂ ಜಾಸ್ತಿ, ಹಾಗಾಗಿ ಬೇಗ ಕಲಿಯುತ್ತವೆ. ಆದರೆ ಬೇಗ ದಪ್ಪಗಾಗುತ್ತವೆ. ಸೊಂಟದ ಕೀಲಿನ ತೊಂದರೆಯೂ ಬರುತ್ತದೆ.

ನಮ್ಮೂರಿನ ನಾಡುನಾಯಿಗಳು ಖಂಡಿತ ಆಗುತ್ತವೆ. ಬಿಸಿಲಿಗೆ ಚೆನ್ನಾಗಿ ತಡೆಯುತ್ತವೆ, ಮೈ ಗಟ್ಟಿ, ಬುದ್ಧಿ ಚುರುಕು. ಒಂದೇ ಮಾತು: ಮರಿಯಾಗಿದ್ದಾಗ ಜನರ ಕೈಯಲ್ಲಿ ಬೆಳೆದಿರಬೇಕು. ನಾಯಿಮರಿಗೆ ಮೂರನೇ ವಾರದಿಂದ ಸುಮಾರು ಹದಿನಾಲ್ಕನೇ ವಾರದವರೆಗಿನ ದಿನಗಳು ಬಹಳ ದೊಡ್ಡವು. ಆಗ ನೋಡಿದ ಮನುಷ್ಯರು, ಕೇಳಿದ ಸದ್ದು, ತುಳಿದ ನೆಲ ಎಲ್ಲ ಅದಕ್ಕೆ ತನ್ನ ಲೋಕದ್ದೇ ಆಗಿಬಿಡುತ್ತದೆ. ಆ ದಿನಗಳನ್ನು ಕಲ್ಲೇಟು ತಿಂದು ಕಳೆದ ನಾಯಿ ಆಮೇಲೆ ಒಂದು ಮನೆಗೆ ಅಪ್ಪಟ ನಾಯಿ ಆಗಬಹುದು. ಅಪರಿಚಿತರು ತುಂಬಿದ ವಾರ್ಡಿನಲ್ಲಿ ನೆಮ್ಮದಿಯಾಗಿರುವುದು ಅದಕ್ಕೆ ತುಂಬಾ ಕಷ್ಟ.

ಮುಧೋಳ ನಾಯಿ ಬಗ್ಗೆಯೂ ಅಭಿಮಾನದಿಂದ ಕೇಳುತ್ತಾರೆ. ನಮ್ಮ ರಾಜ್ಯದ ಹೆಮ್ಮೆ ನಿಜ. ಅದು ಕಣ್ಣಿಂದ ಬೇಟೆ ಹಿಡಿಯುವ, ಓಡುವ ನಾಯಿ. ಹೊಸಬರು ಮೈಮೇಲೆ ಕೈಯಿಟ್ಟರೆ ಸಾಮಾನ್ಯವಾಗಿ ಹಿಂದೆ ಸರಿಯುತ್ತದೆ. ಆ ಸ್ವಭಾವವನ್ನು ಮುರಿದು ವಾರ್ಡಿಗೆ ಎಳೆದೊಯ್ಯುವುದಕ್ಕಿಂತ ಅದಕ್ಕೆ ಓಡಲು ಬಯಲು ಕೊಡುವುದು ಒಳ್ಳೆಯದು.

ನಮ್ಮ ನಾಯಿಗೆ ಜನ ಅಂದ್ರೆ ಪ್ರಾಣ. ಯಾರೇ ಬಂದರೂ ಮೈಮೇಲೆ ಹಾರುತ್ತೆ. ಸೇರಿಸಿಕೊಳ್ಳುತ್ತೀರಾ?

ಈಗಲೇ ಇಲ್ಲ. ಎಂಬತ್ತು ವರ್ಷದ ಅಜ್ಜನ ಕೈ ಚರ್ಮ ತೆಳ್ಳಗಿರುತ್ತದೆ, ಉಗುರು ತಾಗಿದರೆ ಸಾಕು ರಕ್ತ ಬರುತ್ತದೆ. ಹಾರುವುದನ್ನು ಬಿಡಿಸಬಹುದು. ನಾಲ್ಕು ಕಾಲೂ ನೆಲದ ಮೇಲಿದ್ದಾಗ ಮಾತ್ರ ಮಾತಾಡಿಸಿ, ಹಾರಿದರೆ ಸುಮ್ನೆ ಬೆನ್ನು ತಿರುಗಿಸಿ. ಮನೆಯವರೆಲ್ಲ ಇದನ್ನೇ ಮಾಡಬೇಕು. ಅಜ್ಜಿಯೊಬ್ಬರು ಮಾತ್ರ 'ಇರಲಿ ಬಿಡು, ಪಾಪ' ಅಂತ ತಬ್ಬಿಕೊಂಡರೆ ನಾಯಿ ಆ ಪಾಠವನ್ನೇ ನೆನಪಿಟ್ಟುಕೊಳ್ಳುತ್ತದೆ. ನಾಯಿಗೆ ಒಂದು ವರ್ಷ ತುಂಬಿದ ಮೇಲೆ ಮತ್ತೆ ಕರೆತನ್ನಿ.

ಏನೇನು ಕಲಿಸುತ್ತೀರಿ?

ಥೆರಪಿ ನಾಯಿಗೆ ಕಲಿಯಬೇಕಾದ ಅಪ್ಪಣೆಗಳು ಬಹಳ ಇಲ್ಲ. ಕೂರುವುದು, ಮಲಗುವುದು, ಹಗ್ಗ ಎಳೆಯದೆ ಪಕ್ಕದಲ್ಲಿ ನಡೆಯುವುದು, ಕರೆದರೆ ಬರುವುದು, 'ಬಿಡು' ಅಂದರೆ ಬಿಡುವುದು. 'ಬಿಡು' ಇವೆಲ್ಲಕ್ಕಿಂತ ದೊಡ್ಡ ಪಾಠ. ವೃದ್ಧಾಶ್ರಮದ ನೆಲದಲ್ಲಿ ಬಿ.ಪಿ. ಮಾತ್ರೆ ಬಿದ್ದಿರಬಹುದು. ಮುಚ್ಚಿದ ಮುಷ್ಟಿಯಲ್ಲಿ ಬೇಯಿಸಿದ ಕೋಳಿಯ ಚೂರು ಇಟ್ಟುಕೊಂಡು ಶುರು ಮಾಡುತ್ತೇವೆ. ನಾಯಿ ಮೂಸುತ್ತದೆ, ನೆಕ್ಕುತ್ತದೆ, ಕಾಲಿಂದ ಕೆರೆಯುತ್ತದೆ. ನಾವು ಅಲ್ಲಾಡುವುದಿಲ್ಲ, ಬೈಯುವುದೂ ಇಲ್ಲ. ಬೇಸರವಾಗಿ ಮೂತಿ ಹಿಂದಕ್ಕೆ ತೆಗೆದ ಆ ಕ್ಷಣವೇ 'ಶಭಾಷ್' ಎಂದು ಇನ್ನೊಂದು ಕೈಯಿಂದ ಬೇರೆ ಚೂರು ಕೊಡುತ್ತೇವೆ. ಬಿಟ್ಟರೆ ಸಿಗುತ್ತದೆ ಅನ್ನುವುದು ಅದಕ್ಕೆ ಹೊಳೆಯಬೇಕು. ಆಮೇಲೆ ಮುಷ್ಟಿ ತೆರೆದು, ಆಮೇಲೆ ನೆಲದ ಮೇಲಿಟ್ಟು, ಕೊನೆಗೆ ನಡೆಯುವ ದಾರಿಯಲ್ಲಿ ಬೀಳಿಸಿ ಅದನ್ನೇ ಮಾಡುತ್ತೇವೆ.

ಹೆಚ್ಚಿನ ಸಮಯ ಹೋಗುವುದು ಸದ್ದು ಮತ್ತು ಸಾಮಾನುಗಳನ್ನು ಪರಿಚಯ ಮಾಡಿಸುವುದಕ್ಕೆ. ಗಾಲಿಕುರ್ಚಿ, ವಾಕರ್, ಊರುಗೋಲು ಬೀಳುವ ಸದ್ದು, ಸ್ಟೀಲ್ ತಟ್ಟೆ ಬೀಳುವ ಸದ್ದು, ಲಿಫ್ಟು, ಜಾರುವ ಟೈಲ್ಸ್. ಮೊದಲು ದೂರದಿಂದ, ಮೆಲ್ಲಗೆ, ತಿಂಡಿ ಜೊತೆ. ನಾಯಿ ತಾನಾಗಿ ಮುಂದೆ ಹೆಜ್ಜೆ ಇಟ್ಟರೆ ಮಾತ್ರ ನಾವೂ ಮುಂದೆ. ಊರಿನ ಗದ್ದಲಕ್ಕೂ ಹೀಗೇ ಒಗ್ಗಿಸುತ್ತೇವೆ. ಶುರುವಿನಲ್ಲಿ ಬೆಳಗಿನ ಜಾವ ಖಾಲಿ ಬೀದಿ. ತಿಂಗಳುಗಳು ಕಳೆದ ಮೇಲೆ ರೈಲ್ವೆ ನಿಲ್ದಾಣದ ಹೊರಗೆ, ಆಟೋ ಹಾರ್ನುಗಳ ನಡುವೆ ಸ್ವಲ್ಪ ಹೊತ್ತು.

ಮನೆಯೊಳಗಿನ ಸರ್ವಿಸ್ ಕೆಲಸ ಕಲಿಸುವುದು ಬೇರೆಯದೇ ಖುಷಿ. ಗಾಲಿಕುರ್ಚಿಯಲ್ಲಿರುವ ಒಬ್ಬ ಹುಡುಗಿಯ ನಾಯಿ ಚಿನ್ನಿಗೆ ಬಿದ್ದ ಕೀ ಎತ್ತಿಕೊಡುವುದನ್ನು ಕಲಿಸಿದೆವು. ಲೋಹವನ್ನು ಕಚ್ಚುವುದು ಎಷ್ಟೋ ನಾಯಿಗಳಿಗೆ ಆಗುವುದಿಲ್ಲ, ಹಲ್ಲಿಗೆ ತಾಗಿದರೆ ಉಗುಳಿಬಿಡುತ್ತವೆ. ಅದಕ್ಕೇ ಕೀ ಗೊಂಚಲಿಗೆ ಹಳೇ ಸೀರೆಯ ತುಂಡು ಕಟ್ಟಿದೆವು. ಮೊದಲು ಬಟ್ಟೆಗೆ ಮೂಗು ತಾಗಿಸಿದರೆ ತಿಂಡಿ. ಆಮೇಲೆ ಬಾಯಲ್ಲಿ ಹಿಡಿದರೆ. ಆಮೇಲೆ ಒಂದು ಉಸಿರಿನಷ್ಟು ಹೊತ್ತು ಹಿಡಿದುಕೊಂಡರೆ. ತಂದು ತೊಡೆಯ ಮೇಲಿಡುವುದು ಕೊನೆಯ ಮೆಟ್ಟಿಲು. ಈಗ ಫ್ರಿಜ್ ಹಿಡಿಗೆ ಕಟ್ಟಿದ ಟವೆಲ್ ಎಳೆದು ಬಾಗಿಲನ್ನೂ ತೆಗೆಯುತ್ತಾಳೆ. ಅವಳೇ ತೆಗೆದು ತಿನ್ನದಿರಲಿ ಅಂತ 'ಮುಚ್ಚು' ಅನ್ನುವುದನ್ನೂ ಕಲಿಸಬೇಕಾಯಿತು.

ಹೊಡೆಯದೆ, ಗದರಿಸದೆ ನಾಯಿ ಕಲಿಯುತ್ತಾ?

ಕಲಿಯುತ್ತದೆ. ಹೊಡೆದರೂ ಕಲಿಯುತ್ತದೆ, ಆದರೆ ಬೇರೇನೋ ಕಲಿಯುತ್ತದೆ. ಗುರ್ ಎಂದಾಗಲೆಲ್ಲ ಏಟು ತಿಂದ ನಾಯಿ ಗುರ್ ಎನ್ನುವುದನ್ನು ಬಿಡುತ್ತದೆ. ಅದರ ಭಯ ಎಲ್ಲೂ ಹೋಗಿರುವುದಿಲ್ಲ. ಮುಂದೊಂದು ದಿನ ಯಾವ ಸೂಚನೆಯೂ ಇಲ್ಲದೆ ಕಚ್ಚುತ್ತದೆ. ಮಕ್ಕಳ ನಡುವೆ ಹೋಗುವ ನಾಯಿಯಲ್ಲಿ ಇದಕ್ಕಿಂತ ಅಪಾಯ ಇನ್ನೊಂದಿಲ್ಲ. ಚುಚ್ಚುವ ಚೈನು, ಕರೆಂಟ್ ಶಾಕ್ ಕೊಡುವ ಬೆಲ್ಟು ನಮ್ಮ ಮೈದಾನದೊಳಕ್ಕೆ ಬರುವ ಹಾಗಿಲ್ಲ.

ಅಪ್ಪಣೆಗಳು ಇಂಗ್ಲಿಷಿನಲ್ಲೇ ಇರಬೇಕಾ?

ಬೇಕಿಲ್ಲ. ನಾಯಿ ಕೇಳುವುದು ಸದ್ದನ್ನು, ಅದಕ್ಕಿಂತ ಹೆಚ್ಚಾಗಿ ನೋಡುವುದು ನಿಮ್ಮ ಕೈಯನ್ನು. 'ಕುಂದ್ರು' ಅನ್ನಿ, 'ಕೂತ್ಕೋ' ಅನ್ನಿ, 'ಸಿಟ್' ಅನ್ನಿ. ಆದರೆ ಮನೆಯವರೆಲ್ಲ ಒಂದೇ ಪದ ಹೇಳಿ. ಪ್ರತಿ ಅಪ್ಪಣೆಗೂ ಒಂದು ಕೈಸನ್ನೆ ಕಲಿಸುತ್ತೇವೆ. ಮಾತು ಬಾರದ ಮಕ್ಕಳು ಕೈಯೆತ್ತಿದಾಗ ನಾಯಿ ಕೂತರೆ, ಆ ಮಗುವಿನ ಮುಖ ನೋಡಬೇಕು.

ಪಾಪ, ನಾಯಿಯನ್ನು ದುಡಿಸಿಕೊಂಡ ಹಾಗಾಗಲ್ವಾ? ಅದಕ್ಕೆ ಇಷ್ಟ ಇಲ್ಲದಿದ್ದರೆ?

ಈ ಪ್ರಶ್ನೆ ಕೇಳಿದವರಿಗೆಲ್ಲ ನಾವು ಮನಸಾರೆ ಕೈ ಮುಗಿಯುತ್ತೇವೆ. ತರಬೇತಿ ಕೊಡುವವರು ದಿನವೂ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ನಾಯಿ 'ಬೇಡ' ಅನ್ನುವುದನ್ನು ಮೈಯಿಂದಲೇ ಹೇಳುತ್ತದೆ. ಹಸಿವಿಲ್ಲದಿದ್ದರೂ ತುಟಿ ನೆಕ್ಕಿಕೊಳ್ಳುತ್ತದೆ. ನಿದ್ದೆ ಬರದಿದ್ದರೂ ಆಕಳಿಸುತ್ತದೆ. ಮುಖ ಪಕ್ಕಕ್ಕೆ ತಿರುಗಿಸುತ್ತದೆ, ಕಣ್ಣಿನ ಬಿಳಿ ಕಾಣುವ ಹಾಗೆ ಓರೆಗಣ್ಣಲ್ಲಿ ನೋಡುತ್ತದೆ. ಒಂದು ಮುಂಗಾಲು ಎತ್ತಿ ಹಿಡಿಯುತ್ತದೆ. ಒದ್ದೆಯಾಗದಿದ್ದರೂ ಮೈ ಕೊಡವುತ್ತದೆ. ಬಾಲ ಅಲ್ಲಾಡುತ್ತಿದೆ ಅಂದ ಮಾತ್ರಕ್ಕೆ ಖುಷಿಯಾಗಿದೆ ಎಂದಲ್ಲ. ಬಿಗಿಯಾಗಿ, ಮೇಲಕ್ಕೆತ್ತಿ ಅಲ್ಲಾಡಿಸುವ ಬಾಲ ಬೇರೆ, ಸೊಂಟವೆಲ್ಲ ಬಳುಕುವ ಹಾಗೆ ಅಲ್ಲಾಡುವ ಬಾಲ ಬೇರೆ. ಹ್ಯಾಂಡ್ಲರ್ ಆಗುವವರಿಗೆ ನಾವು ಮೊದಲು ಕಲಿಸುವುದು ಈ ಓದನ್ನು. ನಾಯಿಗೆ ಪಾಠ ಆಮೇಲೆ.

ಒಂದು ವೃದ್ಧಾಶ್ರಮದಲ್ಲಿ ಕಪ್ಪು ಲ್ಯಾಬ್ರಡಾರ್ ಒಂದು ಮೂರ್ನಾಲ್ಕು ಭೇಟಿ ಚೆನ್ನಾಗಿ ಮಾಡಿತ್ತು. ಅವತ್ತು ಒಬ್ಬ ಅಜ್ಜಿ ಪ್ರೀತಿಯಿಂದ ಕುತ್ತಿಗೆ ತಬ್ಬಿ ಮುಖವನ್ನು ಹತ್ತಿರ ತಂದರು. ನಾಯಿ ಅಲ್ಲಾಡದೆ ನಿಂತಿತ್ತು. ನೋಡುವವರಿಗೆ ಎಂಥ ಶಾಂತ ನಾಯಿ ಅನ್ನಿಸುತ್ತಿತ್ತು. ಆದರೆ ಬಾಯಿ ಮುಚ್ಚಿತ್ತು, ಉಸಿರು ಹಿಡಿದಿತ್ತು, ನಾಲಿಗೆ ಒಮ್ಮೆ ಮೂಗಿಗೆ ತಾಗಿ ಒಳಗೆ ಹೋಯಿತು. ಅದರ ಹ್ಯಾಂಡ್ಲರ್ ಕೂಡಲೇ 'ಅಜ್ಜಿ, ಇವನಿಗೆ ಬೆನ್ನು ಸವರಿದರೆ ಇನ್ನೂ ಇಷ್ಟ' ಎಂದು ಅವರ ಕೈಯನ್ನು ಮೆಲ್ಲಗೆ ಬೆನ್ನಿನ ಮೇಲಿಟ್ಟರು. ಆಮೇಲೆ ಎರಡೇ ನಿಮಿಷಕ್ಕೆ ನಾಯಿಯನ್ನು ಅಂಗಳಕ್ಕೆ ಕರೆದೊಯ್ದರು. ಅಜ್ಜಿಗೆ ಬೇಸರವಾಗಲಿಲ್ಲ, ನಾಯಿಗೂ ನೆಮ್ಮದಿ. ತರಬೇತಿ ಅಂದರೆ ಇದು.

ಒಂದು ಭೇಟಿ ಒಂದು ಗಂಟೆ ದಾಟುವುದಿಲ್ಲ. ಎಷ್ಟೋ ಸಲ ಅರ್ಧ ಗಂಟೆಗೇ ನಿಲ್ಲಿಸುತ್ತೇವೆ. ಹೋದ ಜಾಗದಲ್ಲಿ 'ಇನ್ನೊಂದು ವಾರ್ಡ್ ನೋಡಿ ಹೋಗಿ' ಎಂದು ಎಷ್ಟು ಒತ್ತಾಯ ಮಾಡಿದರೂ ಇಲ್ಲ. ಬೆಲ್ಟ್ ಹಾಕುವಾಗಲೇ ನಾಯಿ ಮಂಚದ ಕೆಳಗೆ ಹೋದರೆ ಅವತ್ತಿನ ಭೇಟಿ ರದ್ದು. ಇದರಿಂದ ಕೆಲವು ಕಡೆ ಬೇಸರ ಮಾಡಿಕೊಂಡಿದ್ದಾರೆ. ಒಂದು ಸಂಸ್ಥೆಯವರು ಫೋಟೋಗ್ರಾಫರನ್ನೂ ಕರೆಸಿದ್ದರಂತೆ, ನಾವು ಬರಲಿಲ್ಲ ಅಂತ ಮತ್ತೆ ಕರೆಯಲೇ ಇಲ್ಲ. ಆದರೂ ಈ ನಿಯಮವನ್ನು ನಾವು ಸಡಿಲಿಸುವುದಿಲ್ಲ.

ಆಸ್ಪತ್ರೆಯೊಳಗೆ ನಾಯಿ ಬಂದರೆ ಸೋಂಕು ಹರಡಲ್ವಾ?

ಎಚ್ಚರ ತಪ್ಪಿದರೆ ಹರಡಬಹುದು. ಆದ್ದರಿಂದಲೇ ನಿಯಮಗಳು. ಐಸಿಯು, ಸುಟ್ಟಗಾಯದ ವಾರ್ಡು, ಆಪರೇಷನ್ ಆದ ಹಸಿ ಗಾಯ ಇರುವವರು, ಕೀಮೋ ತೆಗೆದುಕೊಳ್ಳುತ್ತಿರುವವರು, ಇವರ ಹತ್ತಿರ ನಾಯಿ ಹೋಗುವುದಿಲ್ಲ. ಯಾರನ್ನು ನೋಡಬಹುದು ಎಂದು ಡಾಕ್ಟರು, ನರ್ಸ್ ಹೇಳಬೇಕು, ಆ ವ್ಯಕ್ತಿಯೂ ಒಪ್ಪಬೇಕು. ಮುಟ್ಟುವ ಮೊದಲು ಕೈ ತೊಳೆಯಬೇಕು, ಮುಟ್ಟಿದ ಮೇಲೂ ತೊಳೆಯಬೇಕು. ಹಾಸಿಗೆ ಮೇಲೆ ನಾಯಿ ಕೂರಬೇಕಾದರೆ ಅಡಿಗೆ ಬೇರೆ ಬಟ್ಟೆ ಹಾಸುತ್ತೇವೆ. ಒಬ್ಬರಿಗೆ ಹಾಸಿದ್ದನ್ನು ಇನ್ನೊಬ್ಬರಿಗೆ ಹಾಸುವುದಿಲ್ಲ. ಮುಖ ನೆಕ್ಕಲು ಬಿಡುವುದಿಲ್ಲ.

ಭೇಟಿಗೆ ಮೊದಲು ನಾಯಿಗೆ ಸ್ನಾನ, ಬಾಚುವುದು, ಉಗುರು ಕತ್ತರಿಸುವುದು ಕಡ್ಡಾಯ. ಹಸಿ ಮಾಂಸ ತಿನ್ನುವ ನಾಯಿಯನ್ನು ಸೇರಿಸಿಕೊಳ್ಳುವುದಿಲ್ಲ, ಅದರ ಬಾಯಿ, ಮಲದಿಂದ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಬರಬಹುದು. ಭೇದಿ, ಚರ್ಮದ ತುರಿಕೆ, ರಕ್ತ ಹೀರುವ ಉಣ್ಣಿ ಹುಳ ಇದ್ದರೆ ವಾಸಿಯಾಗುವವರೆಗೆ ರಜೆ. ನಮ್ಮ ಕಡೆ ಉಣ್ಣಿ ಕಾಟ ಜಾಸ್ತಿ, ಉಣ್ಣಿಯಿಂದ ಬರುವ ಜ್ವರ ನಾಯಿಯ ಜೀವಕ್ಕೇ ಅಪಾಯ. ಕಿವಿಯೊಳಗೆ, ಬೆರಳುಗಳ ಸಂದಿಯಲ್ಲಿ ದಿನವೂ ನೋಡಬೇಕು.

ರೇಬೀಸ್ ಭಯ?

ನಮ್ಮ ಪ್ರತಿ ನಾಯಿಗೂ ಪ್ರತಿ ವರ್ಷ ರೇಬೀಸ್ ಚುಚ್ಚುಮದ್ದು ಆಗಿರುತ್ತದೆ. ಕಾರ್ಡು ಹ್ಯಾಂಡ್ಲರ್ ಚೀಲದಲ್ಲೇ ಇರುತ್ತದೆ, ಕೇಳಿದವರಿಗೆ ತೋರಿಸುತ್ತೇವೆ. ಒಂದು ದಿನ ಮೀರಿದರೂ ಆ ನಾಯಿ ಬರುವುದಿಲ್ಲ.

ನಮ್ಮ ನಾಯಿಯ ವಿಷಯ ಬಿಡಿ, ಊರಿನ ಯಾವ ನಾಯಿ ಕಚ್ಚಿದರೂ ಇದು ನೆನಪಿರಲಿ. ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಸುಣ್ಣ, ಅರಿಶಿನ, ಖಾರದಪುಡಿ ಏನೂ ಹಚ್ಚಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ, ಹೇಳಿದಷ್ಟು ಚುಚ್ಚುಮದ್ದನ್ನೂ ಪೂರ್ತಿ ಹಾಕಿಸಿಕೊಳ್ಳಿ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವುದು ಇಲ್ಲವೆನ್ನುವಷ್ಟು ಅಪರೂಪ. ಮೊದಲೇ ಚುಚ್ಚುಮದ್ದು ಹಾಕಿಸಿಕೊಂಡರೆ ತಡೆಯಬಹುದು.

ಮಡಿ, ಮೈಲಿಗೆ ನೋಡುವವರು, ನಾಯಿ ಕಂಡರೆ ಹೆದರುವವರು ಇರುತ್ತಾರಲ್ಲ?

ಇರುತ್ತಾರೆ. ಅವರನ್ನು ಒಪ್ಪಿಸುವುದು ನಮ್ಮ ಕೆಲಸ ಅಲ್ಲ. ನಾಯಿಯ ಜೊಲ್ಲು ತಾಗಿದರೆ ನಮಾಜಿಗೆ ಮೊದಲು ಬಟ್ಟೆ ಬದಲಿಸಬೇಕಾಗುವ ಅಜ್ಜ ಇರುತ್ತಾರೆ, ಸೋಮವಾರ ಉಪವಾಸ ಇದ್ದು ಮುಟ್ಟಲಾರೆ ಅನ್ನುವ ಅಮ್ಮ ಇರುತ್ತಾರೆ. ಚಿಕ್ಕವರಿದ್ದಾಗ ಕಚ್ಚಿಸಿಕೊಂಡು ಇವತ್ತಿಗೂ ನಡುಗುವವರು ಇರುತ್ತಾರೆ. ಬಾಗಿಲ ಹೊರಗೇ ನಿಂತು 'ನಾಯಿ ಬಂದಿದೆ, ಒಳಗೆ ಬರಬಹುದಾ?' ಅಂತ ಕೇಳುತ್ತೇವೆ. ಕೋಣೆಯಲ್ಲಿ ಒಬ್ಬರು ಬೇಡ ಅಂದರೂ ನಾಯಿ ಒಳಗೆ ಬರುವುದಿಲ್ಲ. ಬೇಕೆಂದವರು ಅಂಗಳಕ್ಕೆ ಬಂದು ನೋಡುತ್ತಾರೆ.

ನಮ್ಮ ಸೀಮೆಯಲ್ಲಿ ನಾಯಿಗೆ ಬೇರೆ ಗೌರವವೂ ಇದೆ. ಮೈಲಾರಲಿಂಗನ ಒಕ್ಕಲಿನ ಹಿರಿಯರು ಆ ದೇವರ ಸೇವೆಗೆ ದೀಕ್ಷೆ ಪಡೆದ ಗೊರವಯ್ಯಗಳ ನೆನಪು ತೆಗೆಯುತ್ತಾರೆ. ಕಂಬಳಿ ಹೊದ್ದ ಗೊರವರು ದೇವರ ನಾಯಿಗಳಾಗಿ ಬೊಗಳುತ್ತಾ ದೋಣಿ ಎಂಬ ಪಾತ್ರೆಯಲ್ಲಿಟ್ಟ ಪ್ರಸಾದ ತಿನ್ನುವುದನ್ನು ದೇವರಗುಡ್ಡದಲ್ಲಿ ಕಂಡವರು ಅವರು. ಯಾರ ಹತ್ತಿರವೂ ಮಾತಾಡದೆ ಕೂರುತ್ತಿದ್ದ ಒಬ್ಬ ಅಜ್ಜ ನಮ್ಮ ನಾಯಿಯನ್ನು ಕಂಡವರೇ 'ಏಳು ಕೋಟಿಗೆ' ಎಂದು ಮೈಲಾರನ ಜೈಕಾರ ಹಾಕಿ ಕೈ ಎತ್ತಿ, ತಮ್ಮೂರ ಜಾತ್ರೆಯ ಕಥೆ ಶುರು ಮಾಡಿದರು. ನಾಯಿ ಕೇಳಿಸಿಕೊಳ್ಳುತ್ತಾ ಕೂತಿತ್ತು, ಪಕ್ಕದ ಮಂಚದವರೂ ಎದ್ದು ಬಂದರು.

ನಾಯಿಯಿಂದ ಆಟಿಸಂ ವಾಸಿಯಾಗುತ್ತಾ? ಮರೆವಿನ ಕಾಯಿಲೆ?

ಇಲ್ಲ. ಯಾರಾದರೂ ಹಾಗೆ ಹೇಳಿ ದುಡ್ಡು ಕೇಳಿದರೆ ಕೊಡಬೇಡಿ. ಆಟಿಸಂ ಇರುವ ಮಗುವಿಗೆ ಸ್ಪೀಚ್ ಥೆರಪಿ (ಮಾತು ಕಲಿಸುವುದು), ಆಕ್ಯುಪೇಷನಲ್ ಥೆರಪಿ (ದಿನನಿತ್ಯದ ಕೆಲಸ ಕಲಿಸುವುದು) ಬೇಕೇ ಬೇಕು. ನಾಯಿ ಅದರ ಜಾಗಕ್ಕೆ ಬರುವುದಿಲ್ಲ, ಅದಕ್ಕೆ ಜೊತೆಯಾಗುತ್ತದೆ.

ಅಮೆರಿಕದ ಮಕ್ಕಳ ಮನಶ್ಶಾಸ್ತ್ರಜ್ಞ ಬೋರಿಸ್ ಲೆವಿನ್ಸನ್ ಇದನ್ನು ಗಮನಿಸಿ 1960ರ ದಶಕದಲ್ಲಿ ಬರೆದಿಟ್ಟಿದ್ದಾರೆ. ಅವರ ಜೊತೆ ಮಾತಾಡದ ಮಗು ಅವರ ನಾಯಿ ಜಿಂಗಲ್ಸ್ ಜೊತೆ ಸಲೀಸಾಗಿ ಬೆರೆಯುತ್ತಿತ್ತು, ಆ ದಾರಿಯಲ್ಲಿ ಅವರಿಗೂ ಮಗುವಿನ ಹತ್ತಿರ ಹೋಗಲು ಸಾಧ್ಯವಾಯಿತು. ನಾವು ಕಾಣುವುದೂ ಇದನ್ನೇ. ಕೈ ಚಾಚುವ ವ್ಯಾಯಾಮ ಬೇಡ ಅನ್ನುವ ಹುಡುಗ ನಾಯಿಗೆ ಬಾಚಣಿಗೆ ಹಾಕಲು ಕೈ ಚಾಚುತ್ತಾನೆ. ಎಷ್ಟು ಸಲ ಚಾಚಿದ ಅಂತ ಪಕ್ಕದಲ್ಲಿ ಕೂತ ಫಿಸಿಯೋಥೆರಪಿಸ್ಟ್ ಬರೆದುಕೊಳ್ಳುತ್ತಾರೆ.

ಓದಲು ತಡವರಿಸುವ ಮಕ್ಕಳಿಗೂ ಇದು ಒಳ್ಳೆಯದು. ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ 1999ರಲ್ಲಿ ಮಕ್ಕಳು ನಾಯಿಗೆ ಕಥೆ ಓದಿ ಹೇಳುವ ಕಾರ್ಯಕ್ರಮ ಶುರುವಾಯಿತು. ನಾಯಿ ತಪ್ಪು ತಿದ್ದುವುದಿಲ್ಲ, ನಗುವುದಿಲ್ಲ, ಬೇಗ ಓದು ಅನ್ನುವುದಿಲ್ಲ. ಇಲ್ಲಿ ಕನ್ನಡ ಪಾಠದ ಒತ್ತಕ್ಷರಕ್ಕೆ ನಿಂತುಬಿಡುವ ಮಗು ನಾಯಿ ಎದುರು ಮತ್ತೆ ಮತ್ತೆ ಅದೇ ಸಾಲು ಓದುತ್ತದೆ.

2015ರಲ್ಲಿ ಜಪಾನಿನ ಸಂಶೋಧಕರು ನಾಯಿಯೂ ಅದರ ಮಾಲೀಕರೂ ಕಣ್ಣಲ್ಲಿ ಕಣ್ಣಿಟ್ಟು ನೋಡಿದಾಗ ಇಬ್ಬರಲ್ಲೂ ಆಕ್ಸಿಟೋಸಿನ್ ಎಂಬ ಹಾರ್ಮೋನು ಏರುವುದನ್ನು ತೋರಿಸಿದರು. ತಾಯಿ ಮಗುವಿನ ಬಾಂಧವ್ಯದಲ್ಲೂ ಕೆಲಸ ಮಾಡುವುದು ಅದೇ ಹಾರ್ಮೋನು. ಆದರೆ ಅದು ಸಾಕಿದವರ ಮತ್ತು ಸಾಕಿದ ನಾಯಿಯ ನಡುವಿನ ಮಾತು. ಒಂದು ದಿನದ ಭೇಟಿಗೆ ಅಷ್ಟೇ ಫಲ ಇದೆ ಎಂದು ಹೇಳಲು ಅದನ್ನು ಬಳಸಬಾರದು.

ಬೇಸಿಗೆಯಲ್ಲೂ ಬರುತ್ತೀರಾ?

ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ ಒಂಬತ್ತರೊಳಗೆ ಮಾತ್ರ. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ತೇಕುತ್ತಲೇ ಮೈ ತಣ್ಣಗೆ ಮಾಡಿಕೊಳ್ಳಬೇಕು. ಹಿಂಗೈಯನ್ನು ಟಾರು ರಸ್ತೆ ಮೇಲೆ ಏಳು ಎಣಿಸುವವರೆಗೆ ಇಡಿ. ಸುಟ್ಟರೆ ನಾಯಿಯ ಪಾದಕ್ಕೂ ಸುಡುತ್ತದೆ. ಚಿತ್ರದುರ್ಗದ ಕೋಟೆಗೆ ನಾಯಿ ಕರೆದುಕೊಂಡು ಬನ್ನಿ, ಚೆಂದದ ಫೋಟೋ ತೆಗೆಯೋಣ ಅನ್ನುವವರಿದ್ದಾರೆ. ಕಾದ ಬಂಡೆ, ಕೋತಿಗಳ ಹಿಂಡು, ನೆರಳಿಲ್ಲದ ಮೆಟ್ಟಿಲು. ಬೇಡ.

ಭೇಟಿಗೆ ಬಂದಾಗ ನಾಯಿಗೆ ಏನು ಕೊಡಬಹುದು?

ಹ್ಯಾಂಡ್ಲರ್ ಕೊಟ್ಟದ್ದನ್ನು ಮಾತ್ರ. ಪ್ರೀತಿ ಉಕ್ಕಿ ಮಂಡಕ್ಕಿ ಮಿರ್ಚಿ, ಬೆಣ್ಣೆ ದೋಸೆ ಕೊಡಲು ಬರುವವರು ನಮ್ಮೂರಲ್ಲಿ ಬಹಳ. ಖಾರ, ಎಣ್ಣೆ, ಅಷ್ಟು ಬೆಣ್ಣೆ ನಾಯಿಯ ಹೊಟ್ಟೆಗೆ ಆಗುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿ ಅದರ ರಕ್ತಕಣಗಳನ್ನೇ ಹಾಳು ಮಾಡುತ್ತವೆ, ಅಂದರೆ ನಮ್ಮ ಸಾಂಬಾರ್ ಅನ್ನವೂ ಬೇಡ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ ವಿಷ. ಬೇಯಿಸಿದ ಮೊಟ್ಟೆ, ಕ್ಯಾರೆಟ್, ಬೀಜ ತೆಗೆದ ಸೇಬು ತಂದು ಹ್ಯಾಂಡ್ಲರ್ ಕೈಗೆ ಕೊಟ್ಟರೆ ಸಂತೋಷ.

ಆಟಿಕೆ ಕೊಡಿಸಬೇಕು ಅಂತಿದ್ದೇವೆ. ಯಾವುದು?

ನೀಲಿ ಅಥವಾ ಹಳದಿ ಚೆಂಡು. ನಾಯಿಗೆ ಕೆಂಪು, ಹಸಿರು ಬೇರೆ ಬೇರೆಯಾಗಿ ಕಾಣುವುದಿಲ್ಲ. ಹುಲ್ಲಿನ ಮೇಲೆ ಬಿದ್ದ ಕೆಂಪು ಚೆಂಡನ್ನು ಅದು ಮೂಗಿನಿಂದಲೇ ಹುಡುಕಬೇಕು.

ಆನ್‌ಲೈನಲ್ಲಿ 'ಸರ್ವಿಸ್ ಡಾಗ್' ಜಾಕೆಟ್ ಸಿಗುತ್ತೆ. ಹಾಕಿದರೆ ಬಸ್ಸು, ರೈಲು, ಹೋಟೆಲಿಗೆ ಬಿಡುತ್ತಾರಾ?

ಜಾಕೆಟ್ಟಿಗೆ ಯಾವ ಬೆಲೆಯೂ ಇಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು. ಹಳೆಯ ಕಾಯ್ದೆಯಲ್ಲಿ 7 ಇದ್ದ ಅಂಗವಿಕಲತೆಗಳ ಪಟ್ಟಿ ಅದರಲ್ಲಿ 21 ಆಯಿತು. ಸರ್ವಿಸ್ ನಾಯಿಗಾಗಿಯೇ ಪ್ರತ್ಯೇಕ ಕಾನೂನು ನಮ್ಮ ದೇಶದಲ್ಲಿಲ್ಲ. ಥೆರಪಿ ನಾಯಿಗಂತೂ ಬೇರೆ ಯಾವ ಸಾಕು ನಾಯಿಗಿಂತಲೂ ಹೆಚ್ಚಿನ ಹಕ್ಕಿಲ್ಲ. ರೈಲಿನಲ್ಲಿ ಫಸ್ಟ್ ಎಸಿಯ ಇಡೀ ಕೂಪೆ (ಬಾಗಿಲಿರುವ ಸಣ್ಣ ಕೋಣೆ) ಕಾದಿರಿಸಬೇಕು, ಇಲ್ಲವೇ ನಾಯಿ ಬ್ರೇಕ್ ವ್ಯಾನಿನ, ಅಂದರೆ ಗಾರ್ಡ್ ಇರುವ ಡಬ್ಬಿಯ, ಪೆಟ್ಟಿಗೆಯಲ್ಲಿ ಹೋಗಬೇಕು. ಬಸ್ಸಿಗೆ ಮೊದಲೇ ಡಿಪೋದಲ್ಲಿ ಕೇಳಿಕೊಳ್ಳಿ. ತರಬೇತಿ ಇಲ್ಲದ ನಾಯಿಗೆ ಜಾಕೆಟ್ ಹಾಕಿ ನುಗ್ಗಿಸಿ, ಅದು ಯಾರ ಮೇಲೋ ಬೊಗಳಿದರೆ, ನಿಜವಾಗಿ ನಾಯಿಯ ನೆರವು ಬೇಕಾದ ಅಂಗವಿಕಲರಿಗೆ ನಾಳೆ ಬಾಗಿಲು ಮುಚ್ಚುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಭೇಟಿಗೆ ಎಷ್ಟು ದುಡ್ಡು?

ಏನೂ ಇಲ್ಲ. ಹ್ಯಾಂಡ್ಲರುಗಳ ಪೆಟ್ರೋಲು, ನಾಯಿಯ ಚುಚ್ಚುಮದ್ದು ಟ್ರಸ್ಟಿನ ದೇಣಿಗೆಯಿಂದ ನಡೆಯುತ್ತದೆ.

ವಯಸ್ಸಾದ ಮೇಲೆ ಈ ನಾಯಿಗಳು ಎಲ್ಲಿಗೆ ಹೋಗುತ್ತವೆ?

ಎಲ್ಲಿಗೂ ಹೋಗುವುದಿಲ್ಲ, ತಮ್ಮ ಮನೆಯಲ್ಲೇ ಇರುತ್ತವೆ. ಎಂಟು, ಒಂಬತ್ತು ವರ್ಷ ಆಗುತ್ತಿದ್ದಂತೆ ಭೇಟಿ ಕಡಿಮೆ ಮಾಡುತ್ತೇವೆ. ಮೆಟ್ಟಿಲು ಹತ್ತುವಾಗ ತಡವರಿಸಿದರೆ, ಮುಟ್ಟಿದಾಗ ಬೆಚ್ಚಿದರೆ ಅಲ್ಲಿಗೆ ನಿಲ್ಲಿಸುತ್ತೇವೆ. ಕೆಲಸಕ್ಕೆ ಬಾರದ ನಾಯಿ ಅಂತ ವಾಪಸ್ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಅಂಥ ಯೋಚನೆ ಇರುವವರನ್ನು ಸೇರಿಸಿಕೊಳ್ಳುವುದೂ ಇಲ್ಲ.

ನಮ್ಮ ಮನೆಯಲ್ಲಿ ನಾಯಿ ಇಲ್ಲ. ಆದರೂ ಸೇರಬಹುದಾ?

ಖಂಡಿತ ಬನ್ನಿ. ಅಂಥವರೇ ನಮಗೆ ಜಾಸ್ತಿ ಬೇಕಾಗಿರುವುದು. ಪ್ರತಿ ಭೇಟಿಗೂ ಹ್ಯಾಂಡ್ಲರ್ ಜೊತೆ ಇನ್ನೊಬ್ಬರು ಇರಲೇಬೇಕು. ಹ್ಯಾಂಡ್ಲರ್ ನಾಯಿಯಿಂದ ಕಣ್ಣು ತೆಗೆಯುವ ಹಾಗಿಲ್ಲ, ಆದ್ದರಿಂದ ಜನರನ್ನು ಮಾತಾಡಿಸುವುದು, ಸಾಲು ನೋಡಿಕೊಳ್ಳುವುದು, ಕೈಗೆ ಸ್ಯಾನಿಟೈಸರ್ ಹಾಕುವುದು, ಗಡಿಯಾರ ನೋಡಿ ಸಾಕು ಅನ್ನುವುದು ಆ ಇನ್ನೊಬ್ಬರ ಕೆಲಸ. ತರಬೇತಿಯ ಹೊತ್ತಿನಲ್ಲೂ ರೋಗಿಯ ಹಾಗೆ ಮಂಚದ ಮೇಲೆ ಮಲಗಲು, ವಾಕರ್ ಹಿಡಿದು ತಡವರಿಸಿ ನಡೆಯಲು, ಜೋರಾಗಿ ಕೆಮ್ಮಲು ಜನ ಬೇಕು. ರೇನ್‌ಕೋಟ್, ಹೆಲ್ಮೆಟ್, ಬುರ್ಖಾ, ಪೇಟ, ಕಂಬಳಿ ಹೀಗೆ ಬೇರೆ ಬೇರೆ ವೇಷದವರನ್ನು ಕಂಡು ನಾಯಿ ಬೆಚ್ಚದಿರಬೇಕಲ್ವಾ, ಅದಕ್ಕೂ ಬೇಕು.

ಭಾನುವಾರ ಬೆಳಿಗ್ಗೆ ಸೇರುತ್ತೇವೆ. ಮೊದಲ ದಿನ ನಾಯಿಯನ್ನು ಮುಟ್ಟಲು ಹೋಗಬೇಡಿ, ಪಕ್ಕದಲ್ಲಿ ಕೂತು ನೋಡಿ. ಅದಾಗಿಯೇ ಹತ್ತಿರ ಬಂದರೆ ತಲೆಯ ಮೇಲೆ ಕೈ ತರದೆ ಎದೆಯ ಹತ್ತಿರ ಸವರಿ. ಹೂವು ಮುಡಿದರೂ ಪರವಾಗಿಲ್ಲ, ಗಾಢವಾದ ಸೆಂಟು ಬೇಡ. ಮನೆಯಲ್ಲಿ ಹಳೆಯ ಬೆಡ್‌ಶೀಟ್, ಟವೆಲ್ ಇದ್ದರೆ ಒಗೆದು ತನ್ನಿ, ಅವು ಎಷ್ಟಿದ್ದರೂ ಸಾಲುವುದಿಲ್ಲ.